ಮೂರು ವರ್ಷ ಬಳಸಿದ ಮೇಲೆ ಈ ಫೈಬರ್ ಇಂಟರ್ನೆಟ್‌ಗೆ ಎರಡೇ ಸ್ಟಾರ್

ಕೊಡಗಿನ ಪೊನ್ನಂಪೇಟೆ ಹತ್ರ ತೋಟದ ಮನೆ ನಮ್ದು. ಸ್ಪೀಡ್ ಬಗ್ಗೆ ತಕರಾರಿಲ್ಲ, 100 ಎಂಬಿಪಿಎಸ್ ಅಂದ್ರೆ 90 ಅಂತೂ ಬರ್ತದೆ, ಎರಡು ಸ್ಟಾರ್ ಅದಕ್ಕೇ.

ಮೊದಲು ಲೋಕಲ್ ಕೇಬಲ್ ಅಣ್ಣನ ಲೈನ್ ಇತ್ತು, ತಿಂಗಳಿಗೆ 500. ಈ ಫೈಬರ್ ಕಂಪನಿಯವರು ಬಂದು ಆರು ತಿಂಗಳು ಫ್ರೀ, ರೂಟರ್ ಫ್ರೀ, ಆಮೇಲೆ ಬರೀ 250 ಅಂದ್ರು. ಒಂದು ಮನೆಗೆ ಅಂತ ತೋಟದೊಳಗೆ ಅರ್ಧ ಕಿಲೋಮೀಟರ್ ವಯರ್ ಎಳೆಯೋ ಊರಲ್ಲಿ 250ಕ್ಕೆ ಅಸಲೂ ಹುಟ್ಟಲ್ಲ, ಕೈಯಿಂದ ಹಾಕಿ ನಾನೆಷ್ಟು ದಿನ ನಡೆಸ್ಲಿ ಅಂತ ಅಣ್ಣ ಆಗ್ಲೇ ಹೇಳಿದ್ರು. ನಾನೂ ಕೇಳ್ಲಿಲ್ಲ, ಬದಲಾಯಿಸ್ದೆ. ಒಂದೂವರೆ ವರ್ಷಕ್ಕೆ ಅಣ್ಣ ಆಫೀಸಿಗೆ ಬೀಗ ಹಾಕಿದ್ರು. ಅದಾಗಿ ಎರಡನೇ ಬಿಲ್ಲಿಗೇ 599, ಈಗ 799, ಜಿಎಸ್‌ಟಿ ಸೇರಿ 943.

ಕಳೆದ ಕಕ್ಕಡದಲ್ಲಿ, ಅಂದ್ರೆ ನಮ್ಮ ಕಡೆ ಜೋರು ಮಳೆಯ ತಿಂಗಳಲ್ಲಿ, ಸಿಲ್ವರ್ ಮರ ಬಿದ್ದು ಲೈನ್ ಕಟ್ಟಾಯ್ತು, ಹನ್ನೊಂದು ದಿನ ಯಾರೂ ಇಲ್ಲ. ಕಸ್ಟಮರ್ ಕೇರ್‌ನವರು ರೂಟರ್ ಆಫ್ ಮಾಡಿ ಆನ್ ಮಾಡಿ ಅಂತಾರೆ, ಸ್ವಾಮಿ, ವಯರು ನೆಲದಲ್ಲಿ ಬಿದ್ದಿದೆ, ಜಿಗಣೆ ಕಚ್ಚಿಸ್ಕೊಂಡು ನಾನೇ ನೋಡ್ಕೊಂಡು ಬಂದಿದ್ದೀನಿ! ಕೊನೆಗೆ ಬಂದವನು ಅಣ್ಣನ ಹತ್ರ ಇದ್ದ ಹುಡುಗನೇ. ಅಲ್ಲಿ ತಿಂಗಳ ಸಂಬಳ ಇತ್ತು, ಇಲ್ಲಿ ಕಂಟ್ರಾಕ್ಟು, ಒಂದು ಕಂಪ್ಲೇಂಟ್ ಮುಗಿಸಿದ್ರೆ 120 ರೂಪಾಯಿ, ಪೆಟ್ರೋಲ್ ಅವನದ್ದೇ. ಹಂಗಾಗಿ ಗೋಣಿಕೊಪ್ಪ ಪೇಟೆಯವು ಮೊದಲು, ತೋಟದ ಮನೆ ಕೊನೆಗೆ, ಅವನನ್ನ ಬೈಯೋದು ಹೇಗೆ. ಕೂದಲೆಳೆಯಂಥ ಫೈಬರ್ ಜೋಡಿಸೋ ಮಷೀನ್ ಮೇಲೆ ನೀರು ಬೀಳದ ಹಾಗೆ ನಾನು ಕೊಡೆ ಹಿಡ್ಕೊಂಡು ನಿಂತೆ, ಅವನು ಪೂರ್ತಿ ನೆನೀತಿದ್ದ.

ಇದಕ್ಕೆ ಕಾನೂನು ಇಲ್ವಾ ಅಂದ್ರೆ ಇದೆ. ಎದುರಿನವರನ್ನ ಓಡಿಸೋಕೆ ಅಸಲಿಗಿಂತ ಕಮ್ಮಿಗೆ ಮಾರೋದು 2002ರ ಸ್ಪರ್ಧಾ ಕಾಯ್ದೆ ಸೆಕ್ಷನ್ 4ರಲ್ಲಿ ತಪ್ಪು, ಆದ್ರೆ ಮಾರುಕಟ್ಟೆಲಿ ಪ್ರಾಬಲ್ಯ ಇರೋರು ಮಾಡಿದ್ರೆ ಮಾತ್ರ. ಬೆಂಗಳೂರಿನ ಟ್ಯಾಕ್ಸಿ ಆಪ್ ರೇಟಿನ ಕೇಸನ್ನ 2017ರಲ್ಲಿ ಸ್ಪರ್ಧಾ ಆಯೋಗ ವಜಾ ಮಾಡಿದ್ದೂ ಪ್ರಾಬಲ್ಯ ಸಾಬೀತಾಗ್ಲಿಲ್ಲ ಅಂತ್ಲೇ. ಇವರೂ ಹಾಗೇ ನೋಡಿ, 250ಕ್ಕೆ ಕೊಡುವಾಗ ಊರಿಗೆ ಹೊಸಬರು, ಪ್ರಾಬಲ್ಯ ಎಲ್ಲಿದೆ? ಪ್ರಾಬಲ್ಯ ಬಂದಾಗ 799, ಅಸಲಿಗಿಂತ ಕಮ್ಮಿ ಎಲ್ಲಿದೆ?

ಹೊಸದಾಗಿ ಹಾಕ್ಸೋರು ವರ್ಷದ ಪ್ಲಾನ್ ಮಾತ್ರ ತಗೋಬೇಡಿ, ಮಳೆಗಾಲದ್ದು ದಂಡ.

ಮೊನ್ನೆ ಅಣ್ಣ ಸಂತೇಲಿ ಸಿಕ್ಕಿದ್ರು, ಮತ್ತೆ ಶುರು ಮಾಡ್ರಿ ಅಂದೆ. "ಮಾಡ್ತೀನಿ, ಮಾರನೇ ದಿನ ಅವರು ಪುನಃ 250 ಮಾಡ್ತಾರೆ, ಆಗ ನೀವು ನನ್ನ ಹತ್ರ ಇರ್ತೀರಾ?" ಅಂದ್ರು. ನಾನು ಮೀನಿನ ರೇಟ್ ಕೇಳೋಕೆ ಆಕಡೆ ತಿರುಗ್ದೆ.