'ಮೊದಲ ಪ್ರೆಸ್ಸಿಂಗ್' ಅಂತ ಹಳೇ ಎಲ್‌ಪಿ ಕೊಳ್ಳುವವರೇ, ಹಿಂಬದಿ ನೋಡದೆ ದುಡ್ಡು ಹಾಕಬೇಡಿ

ಬಳ್ಳಾರಿ, ಹೊಸಪೇಟೆ, ಕೊಪ್ಪಳ ಕಡೆಯ ಎಲ್‌ಪಿ (ಸೂಜಿ ಇಟ್ಟು ಕೇಳುವ ವಿನೈಲ್ ತಟ್ಟೆ) ಹುಚ್ಚಿನವರು ಇದನ್ನ ಓದಿ. ಮೊದಲ ಪ್ರೆಸ್ಸಿಂಗ್ ಅಂದರೆ ಆಲ್ಬಂ ಬಂದಾಗ ಮೊಟ್ಟಮೊದಲು ಅಚ್ಚಾದ ತಟ್ಟೆ. ಬೆಂಗಳೂರಲ್ಲಿ ಕೂತು ಇನ್‌ಸ್ಟಾಗ್ರಾಂನಲ್ಲಿ ಹಳೇ ರೆಕಾರ್ಡ್ ಮಾರುವ ಒಬ್ಬ ನನಗೆ 8,500 ರೂಪಾಯಿಗೆ ಟೋಪಿ ಹಾಕಿದ್ದಾನೆ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತದೆ. ಆದರೂ ಹೇಳುತ್ತೇನೆ.

ನಾನು ಹುಡುಕುತ್ತಿದ್ದದ್ದು ಇಂಗ್ಲೆಂಡಿನ ಡೆಪೆಷ್ ಮೋಡ್ ಸಂಗೀತ ತಂಡದ ಮೊದಲ ಆಲ್ಬಂ, 'ಸ್ಪೀಕ್ ಅಂಡ್ ಸ್ಪೆಲ್'. 1981ರದ್ದು, ಸಿಂಥಸೈಜರ್ ಮೇಲೇ ಕಟ್ಟಿದ ಹಾಡುಗಳು. ಹೆಚ್ಚಿನವನ್ನು ಬರೆದ ವಿನ್ಸ್ ಕ್ಲಾರ್ಕ್ ಇದೊಂದೇ ಆಲ್ಬಂ ಮಾಡಿ ತಂಡ ಬಿಟ್ಟ. ಅದಕ್ಕೇ ಇದರ ಮೇಲೆ ಆಸೆ ಜಾಸ್ತಿ. ಈ ಮಾರುವವನು ಮುಂಬದಿ ಕವರ್ ಫೋಟೋ ಕಳಿಸಿದ, ಪ್ಲಾಸ್ಟಿಕ್ ಸುತ್ತಿದ ಹಂಸದ್ದು. 'ಅಣ್ಣಾ, ಇಂಗ್ಲೆಂಡಿನ ಮೊದಲ ಪ್ರೆಸ್ಸಿಂಗ್, ಮ್ಯೂಟ್ ಕಂಪನೀದು, ಇನ್ನೊಂದು ಪೀಸ್ ಸಿಗಲ್ಲ ಅಣ್ಣಾ.' ಹಿಂಬದಿ ಫೋಟೋ ಕೇಳಿದೆ. 'ಪ್ಯಾಕ್ ಆಗಿಬಿಟ್ಟಿದೆ ಅಣ್ಣಾ, ಇನ್ನೊಬ್ಬರು ಕೇಳ್ತಾ ಇದ್ದಾರೆ, ನಿಮಗೋಸ್ಕರ ಇಟ್ಟಿದೀನಿ.' ದುಡ್ಡು ಹಾಕಿದೆ.

ಬಸ್ ಪಾರ್ಸೆಲ್‌ನಲ್ಲಿ ಬಂತು. ಕೌಲ್ ಬಜಾರ್‌ನಿಂದ ಗೆಳೆಯರನ್ನೆಲ್ಲ ಮನೆಗೆ ಕರೆದಿದ್ದೆ, ಮೊದಲ ಪ್ರೆಸ್ಸಿಂಗ್ ಕೇಳಿಸುತ್ತೇನೆ ಅಂತ. ಅವರೆದುರಿಗೇ ಪಾರ್ಸೆಲ್ ಬಿಚ್ಚಿದೆ, ಕವರ್ ತಿರುಗಿಸಿದೆ. ಬಾರ್‌ಕೋಡ್! 1981ರ ಆ ಕವರ್ ಮೇಲೆ ಬಾರ್‌ಕೋಡ್ ಇರಲೇ ಇಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಸೋನಿ ಹೆಸರು. ಡೇನಿಯಲ್ ಮಿಲ್ಲರ್ ಅನ್ನುವವನು 1978ರಲ್ಲಿ ಸ್ವಂತವಾಗಿ ಶುರು ಮಾಡಿದ ಪುಟ್ಟ ಕಂಪನಿ ಮ್ಯೂಟ್. ಅಲ್ಲಿ ಸೋನಿಗೇನು ಕೆಲಸ? ಈಚೆಗೆ ಮತ್ತೆ ಅಚ್ಚಾದ ಮಾಲು ಇದು. ಹೊಸದೇ ಇದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. 'ಹಾಕೋ ಮಾರಾಯ, ಕೇಳೋಣ' ಅಂತಾರೆ. ಹಾಕಿದರೆ ತಟ್ಟೆ ಒಂದು ಕಡೆ ಎದ್ದಿದೆ, ಸೂಜಿ ಹಾರುತ್ತದೆ. ಒಬ್ಬ ನಕ್ಕೇಬಿಟ್ಟ.

ಮಾರಿದವನಿಗೆ ಬರೆದೆ. ಈಗ ಅವನ ಉತ್ತರಗಳನ್ನ ಕೇಳಿ. ಮೊದಲು, 'ಬಾರ್‌ಕೋಡ್ ಅಂಗಡಿಯವರು ಆಮೇಲೆ ಅಂಟಿಸಿದ ಸ್ಟಿಕ್ಕರ್ ಅಣ್ಣಾ.' ನನ್ನ ಗೆಳೆಯನೊಬ್ಬ ಇಲ್ಲೇ ಜೀನ್ಸ್ ಯೂನಿಟ್‌ನಲ್ಲಿ ಕೆಲಸ ಮಾಡುತ್ತಾನೆ, ದಿನವಿಡೀ ಲೇಬಲ್ ಜೊತೆಗೇ ಬದುಕು. ಉಗುರಲ್ಲಿ ಕೆರೆದು ನೋಡಿ, 'ಅಂಟಿಸಿದ್ದಲ್ಲ, ಪ್ರಿಂಟೇ ಹಂಗಿದೆ' ಎಂದ. ಅದನ್ನೇ ಬರೆದೆ. ಆಗ ಹೊಸ ಕತೆ, 'ಹಂಗಾದ್ರೆ ಅದು ಅಮೆರಿಕಾ ಪ್ರೆಸ್ಸಿಂಗ್ ಇರಬೇಕು.' ಅಲ್ಲಪ್ಪಾ, ಅಮೆರಿಕದಲ್ಲಿ ಆಗ ಅದನ್ನ ತಂದದ್ದು ಸೈರ್ ಕಂಪನಿ. ಅದರಲ್ಲಿ ಒಂದು ಹಾಡು ತೆಗೆದು 'ಡ್ರೀಮಿಂಗ್ ಆಫ್ ಮಿ' ಸೇರಿಸಿದ್ದರು. ನನಗೆ ಬಂದದ್ದರಲ್ಲಿ ಆ ಹಾಡೇ ಇಲ್ಲ! ಅಷ್ಟೂ ಗೊತ್ತಿಲ್ಲದೆ ಮೊದಲ ಪ್ರೆಸ್ಸಿಂಗ್ ಮಾರುತ್ತಾನೆ. ಅಥವಾ ಗೊತ್ತಿದ್ದೇ ಮಾರುತ್ತಾನೆ, ಅದೇ ಇರಬೇಕು.

ಅಲ್ಲಿಂದ 'ಅಣ್ಣಾ' ಹೋಯಿತು, 'ನೋಡಿ ಮಿಸ್ಟರ್' ಬಂತು. 'ನೋಡಿ ಮಿಸ್ಟರ್, ಹಂಸ ಇದೆ ಅಲ್ವಾ? ಆಲ್ಬಂ ಅದೇ ಅಲ್ವಾ? ಹಾಡು ಕೇಳಿ.' ತಟ್ಟೆ ಬಾಗಿದ ಬಗ್ಗೆ ಕೇಳಿದ್ದಕ್ಕೆ, 'ನಿಮ್ಮ ಬಳ್ಳಾರಿ ಬಿಸಿಲಿಗೆ ಏನಿದ್ರೂ ಬಾಗುತ್ತೆ, ನಾನೇನು ಮಾಡ್ಲಿ?' ಇದು ಓದಿ ಮೈ ಉರಿಯಿತು. ನಮ್ಮ ಬಿಸಿಲು ನಮಗೆ ಗೊತ್ತಿಲ್ವಾ? ಬಿಸಿಲಿಗೆ ವಿನೈಲ್ ಬಾಗುತ್ತದೆ ಅಂತ ಗೊತ್ತಿದ್ದೇ, ಎರಡೂ ಕಡೆ ದಪ್ಪ ರಟ್ಟು ಇಟ್ಟು ಕಳಿಸು ಅಂದಿದ್ದೆ. ಅವನು ಕಳಿಸಿದ್ದು ತೆಳು ಕೊರಿಯರ್ ಕವರಿನಲ್ಲಿ. ರಟ್ಟು ಎಲ್ಲಿ ಅಂದರೆ ಉತ್ತರ ಇಲ್ಲ. ದುಡ್ಡು ವಾಪಸ್ ಕೊಡು ಎಂದೆ, 'ಮಾರಿದ ಮಾಲು ವಾಪಸ್ ಇಲ್ಲ' ಅಂದು ಬ್ಲಾಕ್ ಮಾಡಿದ.

ಕೊಳ್ಳುವವರು ಹಿಂಬದಿ ಫೋಟೋ ಬರದೆ ಒಂದು ರೂಪಾಯಿ ಹಾಕಬೇಡಿ. ಹಾಡು ಮುಗಿದ ಮೇಲೆ ಲೇಬಲ್ ಸುತ್ತ ಉಳಿಯುವ ಖಾಲಿ ಜಾಗದಲ್ಲಿ, ಯಾವ ಪ್ರೆಸ್ಸಿಂಗ್ ಅಂತ ಪತ್ತೆ ಹಚ್ಚೋಕೆ ನೆರವಾಗುವ, ಗೀರಿದ ನಂಬರ್ ಇರುತ್ತದೆ, ಅದರ ಫೋಟೋನೂ ಕೇಳಿ. ನಿಮ್ಮ ಹೆಸರು ಬರೆದ ಚೀಟಿ ಪಕ್ಕದಲ್ಲಿಟ್ಟು ತೆಗೆಯಲಿ. 'ಪ್ಯಾಕ್ ಆಗಿದೆ' ಅಂದರೆ ಬಿಚ್ಚು ಅನ್ನಿ. ಗೆಳೆಯನ ಫೋನಿನಲ್ಲಿ ನೋಡಿದೆ, ಅದೇ ಹಂಸದ ಫೋಟೋ ಮತ್ತೆ ಹಾಕಿದ್ದಾನೆ. 'ಕೊನೇ ಪೀಸ್' ಅಂತೆ, ಈಗ 9,500.