ದೋಸೆಗೆ ಚಪ್ಪಲಿ ಸವರಿದರೂ ಒಪ್ಪಿಕೊಳ್ಳುವ ಸಮ್ಮೇಳನ

ವಿದೇಶದ ಕಾನ್ಫರೆನ್ಸ್‌ಗೆ ಪೇಪರ್ ಕಳಿಸುವ ಪಿಎಚ್‌ಡಿಯವರು ದುಡ್ಡು ಕಟ್ಟುವ ಮೊದಲು ಇದನ್ನು ಓದಿ. ನಮ್ಮ ಲ್ಯಾಬಿನ ಮೂವರು ಸೇರಿ ಒಂದು ಮೋಸದ ಸಮ್ಮೇಳನಕ್ಕೆ ಎರಡು ಲಕ್ಷದ ಹತ್ತಿರ ಕಳೆದುಕೊಂಡಿದ್ದೇವೆ. ನನ್ನ ಪಾಲಿನದು ಜಗಳೂರಿನಲ್ಲಿ ಅಪ್ಪ ಮೆಕ್ಕೆಜೋಳ ಮಾರಿ ಕೊಟ್ಟ ದುಡ್ಡು.

ನಾವಿರುವುದು ದಾವಣಗೆರೆಯಲ್ಲಿ. ಕನ್ನಡ ಓದುವಾಗ ಮಿದುಳಿನಲ್ಲಿ ಏನಾಗುತ್ತದೆ ಎಂದು ಇಇಜಿಯಲ್ಲಿ, ಅಂದರೆ ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಯಂತ್ರದಲ್ಲಿ, ನೋಡುವುದು ನಮ್ಮ ಕೆಲಸ. ತಲೆಗೆ ಎಲೆಕ್ಟ್ರೋಡ್ ಟೋಪಿ ಹಾಕಿ, ಜೆಲ್ ತುಂಬಿ, ಪರದೆಯ ಮೇಲೆ ಒಂದೊಂದೇ ಪದ ತೋರಿಸುತ್ತೇವೆ. ‘ಅವ್ವ ದೋಸೆಗೆ ಬೆಣ್ಣೆ ಸವರಿದಳು’ ಅಂದರೆ ಮಿದುಳು ಸುಮ್ನೆ ಮುಂದೆ ಹೋಗುತ್ತದೆ. ‘ದೋಸೆಗೆ ಚಪ್ಪಲಿ ಸವರಿದಳು’ ಅಂದರೆ, ಚಪ್ಪಲಿ ಕಂಡ ಸುಮಾರು 400 ಮಿಲಿಸೆಕೆಂಡಿಗೆ ಗ್ರಾಫಿನಲ್ಲಿ ಒಂದು ನೆಗೆಟಿವ್ ಅಲೆ ದೊಡ್ಡದಾಗಿ ಕಾಣುತ್ತದೆ. ಇದಕ್ಕೆ ಎನ್400 ಎನ್ನುತ್ತಾರೆ. ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್‌ಯಾರ್ಡ್ 1980ರಲ್ಲಿ ಇದನ್ನು ತೋರಿಸಿದರು. ಹೊಂದದ ಪದವನ್ನು ಗುರುತಿಸಲು ಮಿದುಳಿಗೆ ಅರ್ಧ ಸೆಕೆಂಡೂ ಬೇಡ. ಅದನ್ನೇ ಅಳೆಯುವ ನಮಗೆ ಈ ಮೋಸ ಗುರುತಿಸಲು ಐದು ತಿಂಗಳು ಬೇಕಾಯಿತು.

ಸಮ್ಮೇಳನದವರ ಮೇಲ್ ಬಂದಾಗಲೇ ಅನುಮಾನ ಬರಬೇಕಿತ್ತು. ‘ನಿಮ್ಮ ಅಮೂಲ್ಯ ಸಂಶೋಧನೆ ನೋಡಿ ಬೆರಗಾದೆವು’ ಎಂದು ಶುರುವಾಗಿತ್ತು. ಯಾವ ಸಂಶೋಧನೆ? ನಾವಿನ್ನೂ ಏನನ್ನೂ ಪ್ರಕಟಿಸಿರಲಿಲ್ಲ! ಬ್ಯಾಂಕಾಕ್‌ನಲ್ಲಿ ಅಂತರರಾಷ್ಟ್ರೀಯ ನ್ಯೂರೋಲಿಂಗ್ವಿಸ್ಟಿಕ್ಸ್ (ಮಿದುಳು ಮತ್ತು ಭಾಷೆಯ ಅಧ್ಯಯನ) ಸಮ್ಮೇಳನ, ಮುಖ್ಯ ಭಾಷಣಕ್ಕೆ ಯುರೋಪಿನ ದೊಡ್ಡ ಪ್ರೊಫೆಸರ್, ಅವರ ಫೋಟೋ ಬೇರೆ. ಭಾನುವಾರ ರಾತ್ರಿ ಪೇಪರಿನ ಸಾರಾಂಶ, ಅಂದರೆ ಅಬ್‌ಸ್ಟ್ರಾಕ್ಟ್ ಕಳಿಸಿದೆವು. ಮಂಗಳವಾರ ಬೆಳಿಗ್ಗೆಗೆ ಒಪ್ಪಿಗೆ ಪತ್ರ ಬಂತು. ತಿದ್ದುಪಡಿ ಇಲ್ಲ, ಒಂದು ಪ್ರಶ್ನೆ ಇಲ್ಲ.

‘ಇಷ್ಟು ಬೇಗ ಯಾರು ಓದಿದರೋ?’ ಎಂದು ನಮ್ಮ ಮೇಡಂ ಒಮ್ಮೆ ಕೇಳಿದರು. ‘ಚೆನ್ನಾಗಿದೆ ಅಂತ ಒಪ್ಪಿದ್ದಾರೆ ಬಿಡಿ ಮೇಡಂ’ ಅಂದವನು ನಾನೇ.

ಫೀಸು ನಮಗೆ ತಲಾ 400 ಡಾಲರ್, ಮೇಡಂಗೆ 550. ಫೀಸು ಕಟ್ಟಿದ ಮೇಲೆಯೇ ಆಹ್ವಾನ ಪತ್ರ. ಖಾತೆ ಇದ್ದದ್ದು ಯಾವುದೋ ‘ಈವೆಂಟ್ಸ್’ ಕಂಪನಿಯ ಹೆಸರಲ್ಲಿ, ಥಾಯ್ಲೆಂಡಲ್ಲೂ ಅಲ್ಲ, ಬೇರೊಂದು ದೇಶದಲ್ಲಿ. ಬ್ಯಾಂಕಿನಲ್ಲಿ ಫಾರಂ ತುಂಬುವಾಗಲೂ ನಮಗೆ ಅಲೆ ಏಳಲಿಲ್ಲ.

ಮೇಡಂಗೆ ಪರೀಕ್ಷೆ ಕೆಲಸ ಬಂತು. ಹೋದವರು ಇಬ್ಬರೇ. ಹೋಟೆಲಿನ ಬಾಗಿಲಲ್ಲಿ ಒಂದೇ ಬೋರ್ಡು, ಅದರಲ್ಲಿ ಮೂರು ಸಮ್ಮೇಳನ: ನ್ಯೂರೋಲಿಂಗ್ವಿಸ್ಟಿಕ್ಸ್, ಕೋಳಿ ಸಾಕಣೆ, ಕಾಂಕ್ರೀಟ್. ಒಳಗೆ ಹದಿನೇಳು ಜನ. ದೊಡ್ಡ ಪ್ರೊಫೆಸರ್‌ಗೆ ಹುಷಾರಿಲ್ಲವಂತೆ. ನನಗಿಂತ ಮೊದಲು ಒಬ್ಬರು ಮೊಟ್ಟೆ ಚಿಪ್ಪಿನ ದಪ್ಪದ ಬಗ್ಗೆ ಮಾತಾಡಿದರು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು. ನನ್ನ ಎರಡನೇ ಗ್ರಾಫ್ ಬರುವಷ್ಟರಲ್ಲಿ ಗಂಟೆ ಬಾರಿಸಿದರು. ‘ಪ್ರಶ್ನೆ ಇದೆಯಾ?’ ಎಂದು ಯಾರೂ ಕೇಳಲಿಲ್ಲ. ‘ಫೋಟೋಗೆ ಬನ್ನಿ’ ಅಂದರು. ಕಾಂಕ್ರೀಟಿನವರು ತಮಿಳುನಾಡಿನ ಮೇಷ್ಟ್ರು. ಸೊಸೈಟಿ ಸಾಲ ಮಾಡಿ ಬಂದಿದ್ದರು. ಮಧ್ಯಾಹ್ನ ಊಟಕ್ಕೆ ಕೂತಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಮಾತಾಡಲಿಲ್ಲ.

ಊರಿಗೆ ಬಂದ ಮೇಲೆ ಮೇಡಂ ಆ ಯುರೋಪಿನ ಪ್ರೊಫೆಸರ್‌ಗೆ ಮೇಲ್ ಹಾಕಿದರು. ಮರುದಿನವೇ ಉತ್ತರ: ಅಂಥ ಸಮ್ಮೇಳನದ ಹೆಸರೇ ಕೇಳಿಲ್ಲ, ಫೋಟೋ ತಮ್ಮ ವೆಬ್‌ಸೈಟಿನಿಂದ ಕದ್ದದ್ದು. ಎರಡು ಸಾಲಿನ ಮೇಲ್. ಫೀಸು ಕಟ್ಟುವ ಮೊದಲು ಹಾಕಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ. ನೀವು ಮೊದಲು ಮಾಡಬೇಕಾದ ಕೆಲಸ ಇದೇ.

ಹೋಟೆಲ್ ಹೆಸರು, ತಾರೀಕು ಎರಡನ್ನೂ ಹಾಕಿ ಹುಡುಕಿ ನೋಡಿ. ಒಂದೇ ದಿನ, ಒಂದೇ ಕಡೆ ಹತ್ತು ವಿಷಯದ ಸಮ್ಮೇಳನ ಕಂಡರೆ ಅಲ್ಲಿಗೇ ಬಿಡಿ. ನಡೆಸುವವರು ಯಾರು ಎಂದೂ ಕೇಳಿ. ನಮ್ಮ ಕ್ಷೇತ್ರದಲ್ಲಿ, ಮಿದುಳಿಗೆ ಪೆಟ್ಟಾಗಿ ಭಾಷೆ ಕೆಡುವುದನ್ನು (ಅಫೇಸಿಯಾ) ಅಧ್ಯಯನ ಮಾಡುವವರ ಅಕಾಡೆಮಿ ಆಫ್ ಅಫೇಸಿಯಾ 1962ರಿಂದ ಇದೆ. ಸೊಸೈಟಿ ಫಾರ್ ದಿ ನ್ಯೂರೋಬಯಾಲಜಿ ಆಫ್ ಲಾಂಗ್ವೇಜ್ ಕೂಡ ಇದೆ. ಇಂಥ ಕಡೆ ಅಬ್‌ಸ್ಟ್ರಾಕ್ಟ್ ಓದುವವರು ಇರುತ್ತಾರೆ, ಉತ್ತರಕ್ಕೆ ಕಾಯಬೇಕು, ‘ಆಗಲ್ಲ’ ಅಂತಲೂ ಹೇಳುತ್ತಾರೆ. ಗೊತ್ತಾಗದಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುವ ಯಾರನ್ನಾದರೂ ಕೇಳಿ. ಒಂದು ಫೋನ್ ಅಷ್ಟೇ ಅಲ್ವಾ?

ದುಡ್ಡು ಹೋಗಿದೆ ಅನಿಸಿದ ಕೂಡಲೇ ಬ್ಯಾಂಕಿಗೆ ಹೇಳಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ತಡೆಯುವುದು ಕಷ್ಟ. ನಾವು ಐದು ತಿಂಗಳು ಬಿಟ್ಟು ಹೋದೆವು. ‘ಕಾರ್ಯಕ್ರಮ ಮಾಡಿದ್ದಾರೆ, ಊಟ ಹಾಕಿದ್ದಾರೆ, ಮೋಸ ಹೆಂಗಾಗುತ್ತೆ?’ ಎಂದು ಬ್ಯಾಂಕಿನವರು ಕೇಳಿದರು. ಟಿಎ (ಪ್ರಯಾಣ ಭತ್ಯೆ) ಬಿಲ್ಲೂ ವಾಪಸ್ ಬಂತು.

2005ರಲ್ಲಿ ಅಮೆರಿಕದ ಎಂಐಟಿ ವಿದ್ಯಾರ್ಥಿಗಳು ಕಂಪ್ಯೂಟರ್ ತಾನೇ ಹೊಸೆದ ಅರ್ಥವಿಲ್ಲದ ಪೇಪರನ್ನು ಒಂದು ಸಮ್ಮೇಳನಕ್ಕೆ ಕಳಿಸಿ ಒಪ್ಪಿಗೆ ಪಡೆದಿದ್ದರು. ಮೊನ್ನೆ ರಾಮ್ ಅಂಡ್ ಕೋ ಸರ್ಕಲ್ ಹತ್ತಿರ ಮಂಡಕ್ಕಿ ಮಿರ್ಚಿ ತಿನ್ನುತ್ತಾ ನಮಗೂ ಅದು ನೆನಪಾಯಿತು. ಸುಳ್ಳು ಹೆಸರಿನಲ್ಲಿ ಅದೇ ವಿಳಾಸಕ್ಕೆ ಒಂದು ಅಬ್‌ಸ್ಟ್ರಾಕ್ಟ್ ಕಳಿಸಿದೆವು: ‘ದೋಸೆಗೆ ಚಪ್ಪಲಿ ಸವರುವ ಅವ್ವಂದಿರ ಮಿದುಳಿನಲ್ಲಿ ಕಾಂಕ್ರೀಟಿನ ಗಟ್ಟಿತನ’.

ಹತ್ತೊಂಬತ್ತೇ ಗಂಟೆಯೊಳಗೆ ಉತ್ತರ ಬಂತು. ನಮ್ಮ ಅಮೂಲ್ಯ ಸಂಶೋಧನೆ ನೋಡಿ ಬೆರಗಾಗಿದ್ದಾರಂತೆ. ಶುಕ್ರವಾರದೊಳಗೆ 400 ಡಾಲರ್ ಕಟ್ಟಬೇಕಂತೆ.