ರಿಮೋಟ್ ಸ್ಟಾರ್ಟ್ ಇರುವ ಕಾರ್ ಅಲಾರಂ: ಮೂರು ಬೇಸಿಗೆ ದಾಟಿದ ಮೇಲೆ

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಸಿಗುವ 'ಯೂನಿವರ್ಸಲ್' ಕಿಟ್ ಇದು. ಕಳ್ಳತನದ ಅಲಾರಂ ಜೊತೆಗೆ, ಕಾರಿಗೆ ಹತ್ತುವ ಮೊದಲೇ ರಿಮೋಟ್ ಒತ್ತಿ ಎಂಜಿನ್, ಎಸಿ ಶುರು ಮಾಡುವ 'ರಿಮೋಟ್ ಸ್ಟಾರ್ಟ್' ಇದರಲ್ಲಿದೆ. ಪೆಟ್ಟಿಗೆಯಲ್ಲಿ ಮುಖ್ಯ ಮಾಡ್ಯೂಲ್, ಎರಡು ರಿಮೋಟ್, ಸೈರನ್, ಶಾಕ್ ಸೆನ್ಸರ್, ಮಿನುಗುವ ಎಲ್‌ಇಡಿ, ವ್ಯಾಲೆ ಸ್ವಿಚ್ (ಇಡೀ ಸಿಸ್ಟಮನ್ನು ತಾತ್ಕಾಲಿಕವಾಗಿ ಸುಮ್ಮನಾಗಿಸುವುದು), ಬಾನೆಟ್ ಪಿನ್ ಸ್ವಿಚ್ (ಬಾನೆಟ್ ತೆರೆದಿದ್ದರೆ ತಿಳಿಸುವುದು), ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಜೋಡಿಸಿ ಕಡಿಯುವ ಸ್ವಿಚ್), ಎರಡು ವೈರ್ ಹಾರ್ನೆಸ್ (ವೈರುಗಳ ಕಟ್ಟು) ಇರುತ್ತವೆ. ಹಾಕಿರುವುದು ಚಾವಿ ತಿರುಗಿಸಿ ಸ್ಟಾರ್ಟ್ ಮಾಡುವ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ಗೆ, ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಗೇರ್. ಕಾರು ನಿಲ್ಲುವುದು ರಾಯಚೂರಿನಲ್ಲಿ, ನೆರಳಿಲ್ಲದ ಜಾಗದಲ್ಲಿ. ಮೂರು ಬೇಸಿಗೆ, ಮೂರು ಮಳೆಗಾಲ ದಾಟಿದೆ, ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿದೆ. ಆದರೆ ಅದರ ಶ್ರೇಯಸ್ಸಿನಲ್ಲಿ ಕಿಟ್‌ನ ಪಾಲು ಕಡಿಮೆ, ವೈರಿಂಗ್‌ನ ಪಾಲು ಹೆಚ್ಚು. ಇದೇ ಕಿಟ್ ಅವಸರದ ಕೈಗೆ ಸಿಕ್ಕರೆ ಆರು ತಿಂಗಳಿಗೆ ತಲೆನೋವಾಗುತ್ತದೆ.

ಮೊದಲು ಗೇರಿನ ಮಾತು. ಮ್ಯಾನುವಲ್ ಗೇರ್ ಕಾರಿಗೆ ಈ ದರ್ಜೆಯ ಕಿಟ್‌ನ ರಿಮೋಟ್ ಸ್ಟಾರ್ಟ್ ಹಾಕಿಸಲೇಬೇಡಿ. ಇಳಿಜಾರಿನಲ್ಲಿ ನಿಲ್ಲಿಸಿದಾಗ ಫಸ್ಟ್ ಗೇರ್ ಹಾಕಿ ಇಳಿಯುವ ಅಭ್ಯಾಸ ನಮ್ಮಲ್ಲಿ ಹಲವರಿಗೆ ಇದೆ. ಆ ಸ್ಥಿತಿಯಲ್ಲಿ ರಿಮೋಟ್ ಒತ್ತಿದರೆ ಸ್ಟಾರ್ಟರ್ ಮೋಟರ್ ಕಾರನ್ನೇ ಮುಂದಕ್ಕೆ ತಳ್ಳುತ್ತದೆ. ಎಂಜಿನ್ ಸ್ಟಾರ್ಟ್ ಆಗಿಬಿಟ್ಟರೆ ಮುಂದೆ ಗೋಡೆ ಇದೆಯೋ ಮಗು ಇದೆಯೋ ನೋಡುವವರಿಲ್ಲ. ಕ್ಲಚ್ ಸ್ವಿಚ್ ಇರುವ ಕಾರುಗಳಲ್ಲಿ ಅದನ್ನು ಬೈಪಾಸ್ ಮಾಡಿಕೊಡುತ್ತೇವೆ ಎನ್ನುವ ಫಿಟ್ಟರ್‌ಗಳಿದ್ದಾರೆ. ಆ ಸ್ವಿಚ್ ಇರುವುದೇ ಈ ಅಪಾಯ ತಡೆಯಲು. ಒಳ್ಳೆಯ ದರ್ಜೆಯ ಸಿಸ್ಟಮ್‌ಗಳಲ್ಲಿ ಮ್ಯಾನುವಲ್ ಕಾರಿಗೆಂದೇ ಒಂದು ಕ್ರಮ ಇರುತ್ತದೆ: ಎಂಜಿನ್ ಓಡುತ್ತಿರುವಾಗಲೇ ಹ್ಯಾಂಡ್‌ಬ್ರೇಕ್ ಎಳೆದು, ಚಾವಿ ತೆಗೆದು, ಇಳಿದು ಬಾಗಿಲು ಮುಚ್ಚಿದ ಮೇಲೆ ಮಾಡ್ಯೂಲೇ ಎಂಜಿನ್ ಆರಿಸುತ್ತದೆ. ನ್ಯೂಟ್ರಲ್‌ನಲ್ಲಿಲ್ಲದೆ ಹಾಗೆ ಇಳಿಯಲು ಆಗುವುದಿಲ್ಲ ಎಂಬುದೇ ಅದರ ಲೆಕ್ಕ. ನಂತರ ಯಾವುದೇ ಬಾಗಿಲು ತೆರೆದರೂ ರಿಮೋಟ್ ಸ್ಟಾರ್ಟ್ ರದ್ದಾಗುತ್ತದೆ. ಈ ಕಿಟ್‌ನಲ್ಲಿ ಅದಿಲ್ಲ.

ಎಎಂಟಿ (ಆಟೊಮೇಟೆಡ್ ಮ್ಯಾನುವಲ್) ಗೇರ್ ಕಾರಿನವರು 'ನಮ್ಮದೂ ಆಟೊಮ್ಯಾಟಿಕ್' ಎಂದು ಸಮಾಧಾನ ಪಟ್ಟುಕೊಳ್ಳಬೇಡಿ. ಸಾಮಾನ್ಯವಾಗಿ ಎಎಂಟಿಯಲ್ಲಿ 'ಪಿ' (ಪಾರ್ಕ್) ಸ್ಥಾನ ಇರುವುದಿಲ್ಲ, ಒಳಗಿರುವುದು ಮ್ಯಾನುವಲ್ ಗೇರ್‌ಬಾಕ್ಸೇ, ಪಾರ್ಕ್ ಮಾಡುವಾಗ ಗೇರಿನಲ್ಲೇ ಬಿಡುತ್ತೇವೆ. ಟಾರ್ಕ್ ಕನ್ವರ್ಟರ್, ಸಿವಿಟಿ ತರಹದ ಪೂರ್ಣ ಆಟೊಮ್ಯಾಟಿಕ್ ಗೇರ್‌ಗಳಲ್ಲಾದರೆ ಲಿವರ್ 'ಪಿ' ಅಥವಾ 'ಎನ್' (ನ್ಯೂಟ್ರಲ್) ಸ್ಥಾನದಲ್ಲಿ ಇಲ್ಲದಿದ್ದರೆ ಸ್ಟಾರ್ಟರ್‌ಗೆ ಕರೆಂಟ್ ಹೋಗದಂತೆ ಕಾರಿನಲ್ಲೇ ಸ್ವಿಚ್ ಇರುತ್ತದೆ. ಫಿಟ್ಟಿಂಗ್ ಮುಗಿದ ಮೇಲೆ ಅದನ್ನು ಪರೀಕ್ಷಿಸಲೇಬೇಕು: ಮುಂದೆ ಖಾಲಿ ಜಾಗ ಇಟ್ಟುಕೊಂಡು, ಕಾಲು ಬ್ರೇಕಿನ ಮೇಲೆ ಸಿದ್ಧವಾಗಿಟ್ಟು, ಎಂಜಿನ್ ಆರಿಸಿ, ಇಗ್ನಿಷನ್ ಆನ್‌ನಲ್ಲಿಟ್ಟು ಲಿವರ್ 'ಡಿ'ಗೆ (ಡ್ರೈವ್) ತಂದು, ಇಗ್ನಿಷನ್ ಆಫ್ ಮಾಡಿ, ಬ್ರೇಕ್ ಒತ್ತದೆ ರಿಮೋಟ್‌ನ ಸ್ಟಾರ್ಟ್ ಬಟನ್ ಒತ್ತಿ. ಮೋಟರ್ ತಿರುಗಬಾರದು. ತಿರುಗಿದರೆ ಕಿಟ್‌ನ ಸ್ಟಾರ್ಟರ್ ವೈರ್ ತಪ್ಪು ಕಡೆ ಸೇರಿದೆ ಎಂದರ್ಥ.

ಈಗ ವೈರಿಂಗ್. ಬ್ಯಾಟರಿ ನೆಗೆಟಿವ್ ಕಳಚಿ ಕೆಲವು ನಿಮಿಷ ಕಾದು ಕೆಲಸ ಶುರು ಮಾಡಬೇಕು. ಹಳದಿ ತೋಳು ತೊಟ್ಟ ವೈರುಗಳು ಏರ್‌ಬ್ಯಾಗ್‌ನವು, ಅವುಗಳನ್ನು ಮುಟ್ಟುವ ಹಾಗೇ ಇಲ್ಲ. ವೈರ್ ಹುಡುಕಲು ಬಲ್ಬಿನ ಟೆಸ್ಟ್ ಲ್ಯಾಂಪ್ ಬೇಡ, ಡಿಜಿಟಲ್ ಮಲ್ಟಿಮೀಟರ್ ಬೇಕು. ಬಲ್ಬ್ ಎಳೆಯುವ ಕರೆಂಟ್ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸಾಲಿಗೆ ತಾಗಿದರೆ ರಿಪೇರಿ ಖರ್ಚು ಕಿಟ್‌ನ ಬೆಲೆಯನ್ನು ಎಷ್ಟೋ ಪಟ್ಟು ಮೀರುತ್ತದೆ. ಬಣ್ಣ ನೋಡಿ ವೈರ್ ಸೇರಿಸುವುದು ಬೇಡ. ಒಂದೇ ಮಾಡೆಲ್‌ನಲ್ಲೂ ವರ್ಷಕ್ಕೊಂದು, ವೇರಿಯಂಟ್‌ಗೊಂದು ಬಣ್ಣ ಇರುತ್ತದೆ.

ಇಗ್ನಿಷನ್ ಸ್ವಿಚ್‌ನ ಹಿಂದೆ ಸಾಮಾನ್ಯವಾಗಿ ಐದು ದಪ್ಪ ವೈರ್ ಸಿಗುತ್ತವೆ. ಯಾವಾಗಲೂ 12 ವೋಲ್ಟ್ ಇರುವುದು ಬ್ಯಾಟರಿಯದು. ಚಾವಿಯ ಮೊದಲ ಹೆಜ್ಜೆಗೆ ಬಂದು ಕ್ರ್ಯಾಂಕ್ ಮಾಡುವಾಗ (ಸ್ಟಾರ್ಟರ್ ತಿರುಗಿಸುವಾಗ) ಸೊನ್ನೆಗಿಳಿಯುವುದು ಎಸಿಸಿ (ಆಕ್ಸೆಸರಿ). ಆನ್‌ನಲ್ಲಿ ಬಂದು ಕ್ರ್ಯಾಂಕ್‌ನಲ್ಲೂ ಉಳಿಯುವುದು ಐಜಿ1 (ಮೊದಲ ಇಗ್ನಿಷನ್). ಆನ್‌ನಲ್ಲಿ ಬಂದು ಕ್ರ್ಯಾಂಕ್‌ನಲ್ಲಿ ಬಿದ್ದುಹೋಗುವುದು ಐಜಿ2 (ಎರಡನೇ ಇಗ್ನಿಷನ್). ಕ್ರ್ಯಾಂಕ್‌ನಲ್ಲಿ ಮಾತ್ರ ಬರುವುದು ಸ್ಟಾರ್ಟರ್. ಈ ಐಜಿ2 ಬಗ್ಗೆ ಎಷ್ಟು ಹೇಳಿದರೂ ಸಾಲದು. 'ರಿಮೋಟ್‌ನಲ್ಲಿ ಎಂಜಿನ್ ಸ್ಟಾರ್ಟ್ ಆಗುತ್ತೆ, ಎಸಿ ಬರಲ್ಲ' ಎನ್ನುವ ದೂರಿಗೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ: ಎಸಿ ಬ್ಲೋಯರ್ ಐಜಿ2 ಮೇಲೆ ಕೂತಿರುತ್ತದೆ, ಫಿಟ್ಟರ್ ಐಜಿ1 ಮಾತ್ರ ಸೇರಿಸಿ ಕೈ ತೊಳೆದುಕೊಂಡಿರುತ್ತಾನೆ. ಮಾಡ್ಯೂಲ್‌ನಲ್ಲಿ ಎರಡನೇ ಇಗ್ನಿಷನ್ ಔಟ್‌ಪುಟ್ ಇಲ್ಲದಿದ್ದರೆ ಐಜಿ1 ಔಟ್‌ಪುಟ್‌ನಿಂದ ಒಂದು 40 ಆಂಪಿಯರ್ ರಿಲೇ ಓಡಿಸಿ, ಅದರ 30ನೇ ಪಿನ್‌ಗೆ ಫ್ಯೂಸ್ ಹಾಕಿದ ಬ್ಯಾಟರಿ ವೈರ್, 87ಕ್ಕೆ ಐಜಿ2 ಕೊಡಬೇಕು. ರಾಯಚೂರಿನ ಏಪ್ರಿಲ್‌ನಲ್ಲಿ ಎಸಿ ಬಾರದ ರಿಮೋಟ್ ಸ್ಟಾರ್ಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇನ್ನೊಂದು ವಿಷಯ: ತಿರುಗಿಸುವ ನಾಬ್ ಇರುವ ಎಸಿ ಹಿಂದಿನ ಸೆಟ್ಟಿಂಗ್‌ನಲ್ಲೇ ಉಳಿಯುತ್ತದೆ. ಒತ್ತುವ ಬಟನ್‌ನ ಕೆಲವು ಎಲೆಕ್ಟ್ರಾನಿಕ್ ಪ್ಯಾನೆಲ್‌ಗಳು ಪ್ರತಿಸಲ ಆಫ್‌ನಿಂದ ಶುರುವಾಗುತ್ತವೆ. ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಿ.

ಕನೆಕ್ಷನ್‌ಗೆ ಕಿಟ್‌ನಲ್ಲಿ ಬರುವ ಒತ್ತುವ ಕ್ಲಿಪ್‌ಗಳನ್ನು ಬಳಸಬೇಡಿ. ಅದರ ಬ್ಲೇಡ್ ವೈರಿನ ಎಳೆಗಳನ್ನು ಅರ್ಧ ಕತ್ತರಿಸುತ್ತದೆ; ಅದುರಾಟಕ್ಕೆ ಸಡಿಲವಾಗಿ, ತೇವ ಸೇರಿ ಹಸಿರುಗಟ್ಟುತ್ತದೆ. ದಪ್ಪ ವೈರುಗಳನ್ನು ಸುಲಿದು, ಸುತ್ತಿ, ಬೆಸುಗೆ ಹಾಕಿ, ಟೇಪು ಸುತ್ತಿ ಜಿಪ್ ಟೈಯಿಂದ ಬಿಗಿಯಬೇಕು. ನಮ್ಮಲ್ಲಿ ಸಿಗುವ ಸಾದಾ ಕಪ್ಪು ಟೇಪು ಬಿಸಿಲಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಹೀಟ್ ಶ್ರಿಂಕ್ ಅಥವಾ ಬಟ್ಟೆಯ ಹಾರ್ನೆಸ್ ಟೇಪು ಉತ್ತಮ. ಗ್ರೌಂಡ್ ವೈರನ್ನು ಬಣ್ಣ ಕೆರೆದ ಬಾಡಿ ಲೋಹಕ್ಕೆ ಬೋಲ್ಟ್ ಮಾಡಿ. ಡ್ಯಾಶ್ ಕೆಳಗಿನ ಯಾವುದೋ ತಿರುಪಿಗೆ ಸಿಕ್ಕಿಸಿದರೆ ಕ್ರ್ಯಾಂಕ್ ಮಾಡುವಾಗ ಮಾಡ್ಯೂಲ್ ರೀಸೆಟ್ ಆಗುತ್ತದೆ.

ಎಂಜಿನ್ ಸ್ಟಾರ್ಟ್ ಆಯಿತೋ ಇಲ್ಲವೋ ಎಂದು ಮಾಡ್ಯೂಲ್‌ಗೆ ತಿಳಿಯಲು ಎರಡು ದಾರಿ. ಒಂದು, ಇಂಜೆಕ್ಟರ್ ಅಥವಾ ಇಗ್ನಿಷನ್ ಕಾಯಿಲ್‌ನಿಂದ ಟ್ಯಾಕೋ ವೈರ್ (ಎಂಜಿನ್ ತಿರುಗುವ ವೇಗ ತಿಳಿಸುವುದು) ಎಳೆಯುವುದು. ಇನ್ನೊಂದು, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಶುರುವಾದಾಗ ವೋಲ್ಟೇಜ್ 12.5ರಿಂದ 13.8–14.4ಕ್ಕೆ ಏರುವುದನ್ನು ಗಮನಿಸುವುದು. ಫಿಟ್ಟರ್‌ಗೆ ಎರಡನೆಯದು ಸುಲಭ, ಆದರೆ ಬ್ಯಾಟರಿ ಹಳತಾದಾಗ ಮೋಸ ಹೋಗುತ್ತದೆ: ಎಂಜಿನ್ ಹೊತ್ತಿದ ಮೇಲೂ ಸ್ಟಾರ್ಟರ್ ತಿರುಗಿ ಕರಕರ ಸದ್ದು ಬರುತ್ತದೆ. ಟ್ಯಾಕೋ ವೈರ್ ಹಾಕಿಸಿ.

ಬ್ರೇಕ್ ವೈರ್ ಮತ್ತು ಬಾನೆಟ್ ಪಿನ್ ಸ್ವಿಚ್ ಕಡ್ಡಾಯ. ಬಾನೆಟ್ ಎತ್ತಿ ಮೆಕ್ಯಾನಿಕ್ ಫ್ಯಾನ್ ಬೆಲ್ಟ್ ಮೇಲೆ ಕೈ ಇಟ್ಟಿರುವಾಗ ಮನೆಯೊಳಗಿಂದ ಯಾರಾದರೂ ರಿಮೋಟ್ ಒತ್ತಿದರೆ ಆ ಪಿನ್ ಒಂದೇ ಅವನ ಬೆರಳು ಉಳಿಸುವುದು. ಬ್ರೇಕ್ ಒತ್ತಿದ ಕೂಡಲೇ ರಿಮೋಟ್ ಸ್ಟಾರ್ಟ್ ಕಡಿದುಹೋಗಬೇಕು. ಹಾಗಾಗಿ ಕಾರಿಗೆ ಹತ್ತಿದ ಮೇಲೆ ಕ್ರಮ ಹೀಗಿರಲಿ: ಮೊದಲು ಚಾವಿ ಹಾಕಿ ಆನ್‌ಗೆ ತಿರುಗಿಸಿ, ಸ್ಟಾರ್ಟ್‌ವರೆಗೆ ಹೋಗಬೇಡಿ, ಆಮೇಲೆ ಬ್ರೇಕ್ ಒತ್ತಿ ಗೇರ್ ಹಾಕಿ. ಚಾವಿ ಇಲ್ಲದೆ ಸ್ಟೀರಿಂಗ್ ಲಾಕ್ ಬಿಡುವುದಿಲ್ಲ, ಆದ್ದರಿಂದ ಎಂಜಿನ್ ಓಡುತ್ತಿದ್ದರೂ ಕಾರನ್ನು ಸುಲಭವಾಗಿ ಓಡಿಸಿಕೊಂಡು ಹೋಗಲಾಗದು.

ಇಮ್ಮೊಬಿಲೈಸರ್ (ಸರಿಯಾದ ಚಾವಿ ಇಲ್ಲದೆ ಎಂಜಿನ್ ಓಡಲು ಬಿಡದ ವ್ಯವಸ್ಥೆ) ಇರುವ ಕಾರಿನಲ್ಲಿ ಇಷ್ಟು ಮಾಡಿದರೂ ಎಂಜಿನ್ ಎರಡು ಸೆಕೆಂಡ್ ಓಡಿ ಆರುತ್ತದೆ, ಅಥವಾ ಹೊತ್ತುವುದೇ ಇಲ್ಲ. ಚಾವಿಯೊಳಗಿನ ಚಿಪ್ಪನ್ನು ಇಗ್ನಿಷನ್ ಸುತ್ತಲಿನ ಕಾಯಿಲ್ ಓದಬೇಕು. ಇಲ್ಲಿ ಚಾಲ್ತಿಯಲ್ಲಿರುವ ಉಪಾಯವೆಂದರೆ ಸ್ಪೇರ್ ಚಾವಿಯನ್ನು ಸಣ್ಣ ಬೈಪಾಸ್ ಡಬ್ಬಿಯಲ್ಲಿಟ್ಟು, ಇನ್ನೊಂದು ಕಾಯಿಲ್ ಮೂಲಕ ರಿಮೋಟ್ ಸ್ಟಾರ್ಟ್ ಹೊತ್ತಿನಲ್ಲಿ ಮಾತ್ರ ರಿಲೇಯಿಂದ ಜೋಡಿಸುವುದು. ಆ 'ಮಾತ್ರ' ಮುಖ್ಯ. ಕಾಯಿಲನ್ನು ನೇರವಾಗಿ ಶಾಶ್ವತವಾಗಿ ಸೇರಿಸಿದರೆ ಕಾರಿನ ಇಮ್ಮೊಬಿಲೈಸರ್ ಸತ್ತ ಹಾಗೆ. ಡಬ್ಬಿಯಲ್ಲಿಡುವ ಚಾವಿಯ ಲೋಹದ ಅಲಗನ್ನು ಕತ್ತರಿಸಿ ಚಿಪ್ ಇರುವ ತಲೆ ಮಾತ್ರ ಇಡಿ, ಡಬ್ಬಿಯನ್ನು ಡ್ಯಾಶ್‌ನ ಆಳದಲ್ಲಿ ಅಡಗಿಸಿ. ಸ್ಪೇರ್ ಚಾವಿ ಒಂದೇ ಇದ್ದರೆ ಮೊದಲು ಮೂರನೆಯದನ್ನು ಮಾಡಿಸಿಕೊಳ್ಳಿ.

ದೀರ್ಘಕಾಲದ ಬಳಕೆಯಲ್ಲಿ ಬಯಲಾದದ್ದು ಬ್ಯಾಟರಿಯ ವಿಷಯ. ಈ ಮಾಡ್ಯೂಲ್ ಲಾಕ್ ಆಗಿರುವಾಗ ಸುಮಾರು 20 ಮಿಲಿಆಂಪಿಯರ್ ಎಳೆಯುತ್ತದೆ, ದಿನಕ್ಕೆ 0.48 ಆಂಪಿಯರ್-ಗಂಟೆ. 35 ಆಂಪಿಯರ್-ಗಂಟೆಯ ಬ್ಯಾಟರಿಗೆ ಅದು ಹೊರೆಯಲ್ಲ, ಎರಡು ವಾರ ನಿಂತರೂ ಎಂಜಿನ್ ಹೊತ್ತುತ್ತದೆ. ಆದರೆ ಲಾಕ್ ಇರುವಾಗ ಚಾವಿಯಿಂದ ಸ್ಟಾರ್ಟ್ ಆಗದಂತೆ ಸ್ಟಾರ್ಟರ್ ವೈರ್ ಕಡಿಯುವ ರಿಲೇ ಒಂದಿದೆ; ಅದರ ಕಾಯಿಲ್‌ನ ಎರಡು ತುದಿ 85, 86. ಆ 86ನೇ ಪಿನ್‌ಗೆ ನೇರ ಬ್ಯಾಟರಿ ಕೊಡುವ ಫಿಟ್ಟರ್‌ಗಳು ಬಹಳ. ಹಾಗೆ ಮಾಡಿದರೆ ಲಾಕ್ ಇರುವಷ್ಟು ಹೊತ್ತೂ ರಿಲೇಯ ಕಾಯಿಲ್ ಸುಮಾರು 150 ಮಿಲಿಆಂಪಿಯರ್ ಕುಡಿಯುತ್ತದೆ, ದಿನಕ್ಕೆ 3.6 ಆಂಪಿಯರ್-ಗಂಟೆ, ಐದು ದಿನಕ್ಕೆ ಅರ್ಧ ಬ್ಯಾಟರಿ ಖಾಲಿ. ದೋಷ ಬ್ಯಾಟರಿ ಕಂಪನಿಯ ತಲೆಗೆ ಬರುತ್ತದೆ. 86ನ್ನು ಚಾವಿಯ ಇಗ್ನಿಷನ್ ವೈರ್‌ಗೆ, 85ನ್ನು ಮಾಡ್ಯೂಲ್‌ನ ನೆಗೆಟಿವ್ ಔಟ್‌ಪುಟ್‌ಗೆ ಕೊಟ್ಟರೆ ಕಳ್ಳ ಚಾವಿ ತಿರುಗಿಸಿದಾಗ ಮಾತ್ರ ರಿಲೇ ಎಳೆಯುತ್ತದೆ, ರಕ್ಷಣೆ ಅಷ್ಟೇ ಇರುತ್ತದೆ. ಸ್ಟಾರ್ಟರ್ ವೈರನ್ನು ಕತ್ತರಿಸಿ 30 ಮತ್ತು 87ಎ ಪಿನ್‌ಗಳ (ರಿಲೇ ಎಳೆಯದಿರುವಾಗ ಜೋಡಿಕೊಂಡಿರುವವು) ನಡುವೆ ಹಾಯಿಸಿ. ರಿಮೋಟ್ ಸ್ಟಾರ್ಟ್‌ನ ಸ್ಟಾರ್ಟರ್ ಔಟ್‌ಪುಟ್ ಆ ರಿಲೇ ದಾಟಿದ ಮೇಲೆ, ಮೋಟರ್ ಕಡೆಗೆ ಸೇರಬೇಕು, ಗೇರ್ ಸ್ವಿಚ್‌ಗಿಂತ ಮೊದಲು. ಇಗ್ನಿಷನ್ ಅಥವಾ ಪೆಟ್ರೋಲ್ ಪಂಪ್ ವೈರನ್ನು ಕಡಿಯುವ ವಿನ್ಯಾಸ ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಹೈವೇಯಲ್ಲಿ ಆ ರಿಲೇ ಕೈಕೊಟ್ಟರೆ ಲಾರಿಯ ಮುಂದೆ ಎಂಜಿನ್ ಆರುತ್ತದೆ.

ಅಲಾರಂ ಭಾಗದಲ್ಲಿ ಶಾಕ್ ಸೆನ್ಸರ್‌ಗೆ ಜಾಗ ಹುಡುಕುವುದೇ ಕೆಲಸ. ತೆಳು ಪ್ಲಾಸ್ಟಿಕ್ ಮೇಲೆ ಅಂಟಿಸಿದರೆ ಲಾರಿ ಹೋದರೂ ಕೂಗುತ್ತದೆ, ಗಾಜು ಒಡೆದರೆ ಸುಮ್ಮನಿರುತ್ತದೆ. ಡ್ಯಾಶ್ ಹಿಂದಿನ ಲೋಹದ ಅಡ್ಡಪಟ್ಟಿಗೆ ಬಿಗಿದು, ಸೆನ್ಸಿಟಿವಿಟಿ ತಿರುಪನ್ನು ಕಡಿಮೆಯಿಂದ ಶುರು ಮಾಡಿ, ಅಂಗೈಯಿಂದ ಬಾಗಿಲ ಕಂಬಕ್ಕೆ ತಟ್ಟಿ ಹೊಂದಿಸಿ. ಗಣೇಶನ ಮೆರವಣಿಗೆಯ ಡೊಳ್ಳಿಗೂ ದೀಪಾವಳಿಯ ಆಟಂ ಬಾಂಬಿಗೂ ಅಕ್ಕಪಕ್ಕದವರ ನಿದ್ದೆ ಕೆಡಿಸದಿದ್ದರೆ ಸರಿಯಾಗಿದೆ ಎಂದರ್ಥ. ಸೈರನ್ ಬಾಯಿ ಕೆಳಮುಖವಾಗಿರಲಿ, ಇಲ್ಲದಿದ್ದರೆ ಕಾರು ತೊಳೆದ ನೀರು ನಿಂತು ಧ್ವನಿ ಗೊರಗೊರ ಆಗುತ್ತದೆ. ಎರಡನೇ ಮಳೆಗಾಲದಲ್ಲಿ ಬಾನೆಟ್ ಪಿನ್ ತುಕ್ಕು ಹಿಡಿದು ರಿಮೋಟ್ ಸ್ಟಾರ್ಟ್ ಸ್ಪಂದಿಸುವುದನ್ನೇ ನಿಲ್ಲಿಸಿತು. ಬಾನೆಟ್ ತೆರೆದಿದೆ ಎಂದು ಮಾಡ್ಯೂಲ್ ಭಾವಿಸಿತ್ತು. ಹೊಸ ಪಿನ್ ಹಾಕಿ ಗ್ರೀಸ್ ಸವರಿದ ಮೇಲೆ ಸರಿಹೋಯಿತು. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ ಬರುತ್ತದೆ, ವರ್ಷಕ್ಕೊಮ್ಮೆ ನೋಡಿಕೊಳ್ಳಿ.

ರಿಮೋಟ್ 433 ಮೆಗಾಹರ್ಟ್ಸ್‌ನದು. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಒಂದೇ: ರೋಲಿಂಗ್ ಕೋಡಾ, ಫಿಕ್ಸೆಡ್ ಕೋಡಾ? ರೋಲಿಂಗ್ ಕೋಡ್‌ನಲ್ಲಿ ಪ್ರತಿಸಲ ಸಂಕೇತ ಬದಲಾಗುತ್ತದೆ. ಫಿಕ್ಸೆಡ್ ಕೋಡ್ ಪ್ರತಿಸಲ ಅದೇ ಸಂಕೇತ ಕಳಿಸುತ್ತದೆ, ಗೇಟ್ ರಿಮೋಟ್ ನಕಲು ಮಾಡುವ ಅಗ್ಗದ ಸಾಧನ ಅದನ್ನೂ ನಕಲು ಮಾಡುತ್ತದೆ. ಅಂಥ ಕಿಟ್‌ನಿಂದ ಕಾರಿಗೆ ಇದ್ದ ಭದ್ರತೆಯೂ ಹೋಗುತ್ತದೆ. ಪರೀಕ್ಷೆ ಸುಲಭ: ಅಂಗಡಿಯಲ್ಲಿ 'ಕಾಪಿ ಮಾಡುವ' ರಿಮೋಟ್ ಇದ್ದರೆ ಅದರಿಂದ ನಕಲಿಸಿ ನೋಡಿ, ಬಾಗಿಲು ತೆರೆದರೆ ಆ ಕಿಟ್ ವಾಪಸ್ ಕೊಡಿ.

ರನ್ ಟೈಮ್ (ರಿಮೋಟ್ ಒತ್ತಿದ ಮೇಲೆ ಎಂಜಿನ್ ಓಡುವ ಅವಧಿ) 10 ನಿಮಿಷಕ್ಕೆ ಇಟ್ಟರೆ ಸಾಕು, ಸುಡುವ ಸ್ಟೀರಿಂಗ್ ಹಿಡಿಯುವ ಹದಕ್ಕೆ ಬರುತ್ತದೆ. ಬೇಸ್‌ಮೆಂಟ್‌ನಲ್ಲಿ, ಶಟರ್ ಎಳೆದ ಗ್ಯಾರೇಜಿನಲ್ಲಿ ಬಳಸಲೇಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬೆಂಗಳೂರಿನ ಹವೆಗೆ ಈ ಸೌಲಭ್ಯಕ್ಕೆ ದುಡ್ಡು ಹಾಕುವ ಅಗತ್ಯ ಕಾಣುವುದಿಲ್ಲ. ರಾಯಚೂರು, ಕಲಬುರಗಿ, ಬಳ್ಳಾರಿಯವರಿಗೆ, ಅದರಲ್ಲೂ ಮನೆಯಲ್ಲಿ ಹಸುಗೂಸೋ ವಯಸ್ಸಾದವರೋ ಇದ್ದರೆ, ಖಂಡಿತ ಬೆಲೆ ಇದೆ.

ವಾರಂಟಿ ಇರುವ ಕಾರಿನ ವೈರ್ ಕತ್ತರಿಸಿದರೆ ಎಲೆಕ್ಟ್ರಿಕಲ್ ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಕಾರಣ ಸಿಕ್ಕಂತೆ. ಕ್ಯಾನ್ ಬಸ್ (ಕಾರಿನ ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ವೈರ್ ಜಾಲ) ಇರುವ ಹೊಸ ಕಾರುಗಳಿಗೆ ಯೂನಿವರ್ಸಲ್ ಕಿಟ್ ಹೊಂದುವುದೂ ಕಷ್ಟ. ವಿಮೆಯಲ್ಲಿ ಕಳ್ಳತನ ತಡೆ ಸಾಧನಕ್ಕೆ ರಿಯಾಯಿತಿ ಸಿಗುವುದು ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐನ ಮಾನ್ಯತೆ ಇದ್ದರೆ ಮಾತ್ರ, ಇಂಥ ಅಗ್ಗದ ಕಿಟ್ ಹಾಕಿಸಿ ಅದನ್ನು ನಿರೀಕ್ಷಿಸಬೇಡಿ.

ಸರ್ವಿಸ್‌ಗೆ ಬಿಡುವಾಗ ವ್ಯಾಲೆ ಸ್ವಿಚ್ ಆನ್ ಮಾಡಿ, ರಿಮೋಟ್ ಮನೆಯಲ್ಲೇ ಇಟ್ಟು ಚಾವಿ ಮಾತ್ರ ಕೊಡಿ. ಮಾಡ್ಯೂಲ್ ಎಲ್ಲಿದೆ, ಯಾವ ಫ್ಯೂಸ್ ಎಷ್ಟು ಆಂಪಿಯರ್, ಯಾವ ವೈರ್ ಎಲ್ಲಿಗೆ ಸೇರಿದೆ ಎಂದು ಫಿಟ್ಟಿಂಗ್ ದಿನವೇ ಫೋಟೊ ತೆಗೆದು, ಒಂದು ಹಾಳೆಯಲ್ಲಿ ಬರೆದು ಆರ್‌ಸಿ ಜೊತೆ ಇಡಿ. ಮೂರು ವರ್ಷದ ನಂತರ ಡ್ಯಾಶ್ ಬಿಚ್ಚುವ ಎಲೆಕ್ಟ್ರಿಷಿಯನ್ ಬೇರೆಯವನಾಗಿರುತ್ತಾನೆ.